ಆರು ಗಂಟೆಯ ಸೀಟಿ

ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಂಪ್ಯೂಟರ್ ಮೇಷ್ಟ್ರು ತಂದುಕೊಟ್ಟ ಹಾಳೆಗಳನ್ನು ಸೀಟಿ ಮೇಡಂ ಶಿಕ್ಷಕರ ಕೋಣೆಯ ಉದ್ದ ಮೇಜಿನ ಮೇಲೆ ಹರಡಿಕೊಂಡರು. ಮೂವತ್ತಾರು ಮಕ್ಕಳು, ಮೂವತ್ತಾರು ಹಾಳೆ. ಒಂಬತ್ತನೇ ತರಗತಿಯ ಯಾವ ಮಗು ಯಾವ ಹೊತ್ತಿನಲ್ಲಿ ಎಷ್ಟು ಹೆಜ್ಜೆ ಹಾಕಿತು ಎನ್ನುವುದನ್ನು ಐದೈದು ನಿಮಿಷಕ್ಕೆ ಒಂದೊಂದು ಗೆರೆಯಾಗಿ ನಿಲ್ಲಿಸಿದ ಚಿತ್ರ. ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಅವರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ಅಲ್ಲೇ ನಿಂತಿತು.

"ಮೇಷ್ಟ್ರೇ, ಒಂದೇ ಹಾಳೆನ ಮತ್ತೆ ಮತ್ತೆ ಪ್ರಿಂಟ್ ಹಾಕಿದ್ದೀರಾ?"

"ಇಲ್ವಲ್ಲ ಮೇಡಂ. ಮೇಲೆ ಹೆಸರು ನೋಡಿ, ಬೇರೆ ಬೇರೆ ಇದೆ."

ಹೆಸರು ಬೇರೆಯಾಗಿದ್ದವು ನಿಜ. ಹಗಲಿನ ಗೆರೆಗಳೂ ಬೇರೆ ಬೇರೆ. ಒಬ್ಬ ಬಿಡುವಿನಲ್ಲಿ ಬಯಲೆಲ್ಲ ಓಡಿದ್ದ, ಇನ್ನೊಬ್ಬಳು ಆರಾಮಾಗಿ ಬೆಂಚಿನ ಮೇಲೇ ಕೂತಿದ್ದಳು. ಆದರೆ ಸಂಜೆ ನಾಲ್ಕು ಐವತ್ತಾಯಿತೋ ಇಲ್ಲವೋ, ಹನ್ನೆರಡು ಮಕ್ಕಳ ಗೆರೆಗಳು ಒಟ್ಟಿಗೆ ಎದ್ದು ನಿಂತಿದ್ದವು. ಆರು ಗಂಟೆಗೆ ಸರಿಯಾಗಿ ಒಟ್ಟಿಗೆ ಬಿದ್ದು, ಐದು ನಿಮಿಷ ಕಳೆದು ಒಟ್ಟಿಗೆ ಎದ್ದು, ಏಳೂಕಾಲಿಗೆ ಒಟ್ಟಿಗೆ ಮಲಗಿದ್ದವು. ಸೋಮವಾರ ಹಾಗೆ, ಮಂಗಳವಾರ ಹಾಗೆ, ನಿನ್ನೆ ಗುರುವಾರವೂ ಹಾಗೆ. ಮೇಡಂ ಕನ್ನಡಕ ತೆಗೆದು ಸೀರೆಯ ಸೆರಗಿಲ್ಲದ್ದಕ್ಕೆ ಟ್ರ್ಯಾಕ್ ಸೂಟಿನ ತೋಳಿಗೇ ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಏನೋ ಹೊಳೆಯಿತು. ಹೊಳೆದದ್ದೇ ತಡ, ಮುಖ ಇಷ್ಟಗಲವಾಯಿತು.

"ಮೇಷ್ಟ್ರೇ, ಇವರು ಗುಂಪು ಕಟ್ಕೊಂಡು ನಡೀತಿದ್ದಾರೆ. ಹನ್ನೆರಡು ಜನ, ಒಂದೇ ಹೊತ್ತು, ಒಂದೇ ವೇಗ. ನಾನು ಹೇಳಿಲ್ಲ, ಕೇಳಿಲ್ಲ, ತಾವಾಗೇ."

"ಆಶ್ಚರ್ಯ" ಎಂದರು ಕಂಪ್ಯೂಟರ್ ಮೇಷ್ಟ್ರು. ಅವರಿಗೆ ಮಕ್ಕಳ ಮೇಲೆ ಅಷ್ಟು ನಂಬಿಕೆ ಇರಲಿಲ್ಲ, ಹಾಗಂತ ಊಟ ಬಿಟ್ಟು ವಾದಕ್ಕಿಳಿಯುವಷ್ಟು ಅಪನಂಬಿಕೆಯೂ ಇರಲಿಲ್ಲ.

ಸೀಟಿ ಮೇಡಂ ಆ ಶಾಲೆಯ ವ್ಯಾಯಾಮದ ಟೀಚರ್. ಇಪ್ಪತ್ತೆರಡು ವರ್ಷದಿಂದ ಕೊರಳಲ್ಲಿ ಅದೇ ಸ್ಟೀಲಿನ ಸೀಟಿ. ಹೆಡ್ ಮೇಷ್ಟ್ರ ಗದರಿಕೆಗಿಂತ ಆ ಸೀಟಿಗೆ ಮಕ್ಕಳು ಹೆಚ್ಚು ಹೆದರುತ್ತಿದ್ದರು. ಕಾರಿಡಾರಿನ ಆ ತುದಿಯಲ್ಲಿ ಅದು ಕೂಗಿದರೆ ಈ ತುದಿಯಲ್ಲಿ ಷೂ ಲೇಸು ತಾವಾಗೇ ಕಟ್ಟಿಕೊಳ್ಳುತ್ತವೆ ಎಂದು ಒಂದು ತಮಾಷೆಯೇ ಇತ್ತು. ಇಂಥವರ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು, ಅದೇ ಶಾಲೆಯಲ್ಲಿ ಅದೇ ಒಂಬತ್ತನೇ ತರಗತಿ, ಶಾಲೆಯಿಂದ ಬಂದವಳೇ ಹಾಸಿಗೆಯ ಮೇಲೆ ಬಿದ್ದುಕೊಂಡು ಫೋನು ಹಿಡಿದರೆ ಮನೆಗೆ ಬೆಂಕಿ ಬಿದ್ದರೂ ಏಳುವವಳಲ್ಲ. ಮೇಡಂ ಹೇಳಿ ನೋಡಿದರು, ಬೈದು ನೋಡಿದರು, ಬೆಳಗ್ಗೆ ಐದಕ್ಕೆ ಹೊದಿಕೆ ಎಳೆದು ನೋಡಿದರು. ಊರ ಮಕ್ಕಳನ್ನೆಲ್ಲ ಓಡಿಸುವ ತಮಗೆ ಮನೆಯ ಮಗಳನ್ನು ಎಬ್ಬಿಸಲಾಗಲಿಲ್ಲ ಎನ್ನುವುದು ಅವರಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಾಗಿತ್ತು. ಕೊನೆಗೆ, ಫೋನು ಬಿಡಿಸಲು ಆಗದಿದ್ದರೆ ಫೋನಿನೊಳಗೇ ಹೋಗಿ ಕೂರುತ್ತೇನೆ ಎಂದು ಹಟಕ್ಕೆ ಬಿದ್ದರು.

ಹಾಗೆ ಹುಟ್ಟಿದ್ದು 'ನಮ್ಮ ಹೆಜ್ಜೆ' ಎನ್ನುವ ಪುಟ. ಆಟದ ಸಾಮಾನಿನ ಅಂಗಡಿಯೊಂದು ಹಳೆಯ ದಾಸ್ತಾನು ಎಂದು ಮೂವತ್ತಾರು ಬ್ಯಾಂಡು ಶಾಲೆಗೆ ದಾನ ಕೊಟ್ಟಿತ್ತು. ಕೈಗೆ ಕಟ್ಟಿಕೊಂಡರೆ ಹೆಜ್ಜೆ ಎಣಿಸುವ ಕಪ್ಪು ರಬ್ಬರಿನ ಬ್ಯಾಂಡು. ಗುರುತು ಸಿಗಲೆಂದು ಒಂದೊಂದರ ಮೇಲೂ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಅಂಟಿಸಿ, ಮಕ್ಕಳು ತಂತಮ್ಮ ಅಡ್ಡಹೆಸರು ಬರೆದುಕೊಂಡಿದ್ದರು. ದಿನಾ ಬೆಳಗ್ಗೆ ಲೆಕ್ಕವನ್ನು ಪುಟಕ್ಕೆ ಹಾಕಬೇಕು. ವಾರಕ್ಕೊಮ್ಮೆ, ಶುಕ್ರವಾರ ಸಂಜೆ ಆರೂವರೆಗೆ, ಮೇಡಂ ಪಟ್ಟಿ ಹಾಕುತ್ತಿದ್ದರು: ಮೊದಲ ಹತ್ತು ಜನಕ್ಕೆ ಚಿತ್ರದ ಪದಕ, ಕಟ್ಟಕಡೆಯ ಒಬ್ಬರಿಗೆ ಆಮೆ ಪದಕ. ಆಮೆಯ ಕೆಳಗೆ ಮೇಡಂ ಕೈಯಾರೆ ಬರೆದ ಒಂದು ತಮಾಷೆಯ ಸಾಲು. ಪುಟಕ್ಕೆ ಜನ ಬರುತ್ತಿದ್ದುದೇ ಆ ಸಾಲಿಗೆ. ತಾಯಂದಿರು ಓದಿದರು, ತಂದೆಯಂದಿರು ತಮ್ಮ ಆಫೀಸಿನವರಿಗೆ ತೋರಿಸಿದರು, ಪಕ್ಕದ ಶಾಲೆಯವರೂ ಸೇರಿಕೊಂಡರು. ಎರಡೇ ತಿಂಗಳಲ್ಲಿ ತರಗತಿಯ ಹೆಜ್ಜೆ ಒಂದಕ್ಕೆರಡಾಯಿತು. ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಸೋಮವಾರ ಬಂದು ನೋಡುತ್ತೇನೆ ಎಂದು ಹೇಳಿಕಳಿಸಿದ್ದರು. ಅದಕ್ಕೇ ಈ ಹಾಳೆಗಳು.

ಎಲ್ಲ ಸರಿ. ಆದರೆ ಆಮೆ ಪದಕ ಎಂಟು ವಾರದಿಂದ ಒಬ್ಬಳಿಗೇ ಬರುತ್ತಿತ್ತು.

ಮೊದಲ ವಾರ ಬಂದಾಗ ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಅಮ್ಮ, ಕೊನೆಯವರ ಹೆಸರು ಹಾಕ್ಲೇಬೇಕಾ?" ಎಂದು ಕೇಳಿದ್ದಳು. ಮೇಡಂ ಚಾಕು ಕೆಳಗಿಡದೆಯೇ ಹೇಳಿದ್ದರು: "ಪಟ್ಟಿ ಅಂದ್ಮೇಲೆ ಕೊನೆ ಅಂತ ಒಂದು ಇರ್ಲೇಬೇಕು. ಯಾರೋ ಒಬ್ರು ಅಲ್ಲಿ ಇರ್ಲೇಬೇಕು. ನಿನಗೆ ಬೇಡ ಅಂದ್ರೆ ಎದ್ದು ನಡಿ." ಮಗಳು ಎಂದು ರಿಯಾಯಿತಿ ಕೊಟ್ಟರೆ ನಾಳೆ ಯಾರು ತಮ್ಮ ಮಾತು ಕೇಳುತ್ತಾರೆ ಎನ್ನುವುದು ಅವರ ನ್ಯಾಯ. ಅದಾದ ಮೇಲೆ ಮಗಳು ಆ ಮಾತು ಎತ್ತಲಿಲ್ಲ. ಮೇಡಂ ಗೆದ್ದೆ ಅಂದುಕೊಂಡರು, ಆದರೆ ಮಗಳ ಹೆಜ್ಜೆ ಏರಲಿಲ್ಲ. ಈಗ ಮೇಜಿನ ಮೇಲೆ ಅವಳ ಹಾಳೆಯೂ ಇತ್ತು. ಹನ್ನೆರಡು ಮಕ್ಕಳ ಗೆರೆಗಳು ಗುಡ್ಡದಂತೆ ಎದ್ದು ನಿಂತ ಆ ಹೊತ್ತಿಗೆ ಸರಿಯಾಗಿ ಅವಳ ಹಾಳೆಯಲ್ಲಿ ಒಂದೇ ಒಂದು ಗೆರೆ ಇರಲಿಲ್ಲ. ನಾಲ್ಕೂವರೆಯಿಂದ ಮಾರನೆಯ ಬೆಳಗಿನವರೆಗೆ ಬರೀ ಬಿಳಿ.

ಮೇಡಂಗೆ ರೇಗಿತು. ಫೋನು ತೆಗೆದು ಆ ವಾರದ ಪಟ್ಟಿ ತುಂಬಿದರು, ಆಮೆಯ ಕೆಳಗಿನ ಸಾಲನ್ನು ಬರೆದು ತಾವೇ ಒಮ್ಮೆ ನಕ್ಕರು, ಸಂಜೆ ಆರೂವರೆಗೆ ತಾನಾಗೇ ಹೋಗುವಂತೆ ಇಟ್ಟು ಫೋನನ್ನು ಜೇಬಿಗೆ ಹಾಕಿದರು.

ಸಂಜೆಗೆ ಅವರ ತಲೆಯಲ್ಲಿ ಒಂದು ಯೋಜನೆ ಇತ್ತು. ಹನ್ನೆರಡು ಮಕ್ಕಳು ಸಾಲಾಗಿ ನಡೆಯುವುದನ್ನು ಅವರಿಗೆ ಗೊತ್ತಾಗದಂತೆ ವಿಡಿಯೋ ಮಾಡಬೇಕು, ಸೋಮವಾರ ಅಧಿಕಾರಿಯ ಮುಂದೆ ಗೋಡೆಯ ಮೇಲೆ ಹಾಕಬೇಕು. ಮಧ್ಯಾಹ್ನದ ಕೊನೆಯ ಪೀರಿಯಡ್ಡಿನಲ್ಲಿ ಉದ್ದಪ್ಪನನ್ನು ಹಿಡಿದರು. ಹದಿನಾಲ್ಕಕ್ಕೇ ಬಾಗಿಲಿಗೆ ತಲೆ ತಾಗುವ ಹುಡುಗ, ಈ ವಾರ ಮೊದಲನೆಯವನು.

"ಸಂಜೆ ಎಲ್ಲಿ ನಡೀತೀರೋ ನೀವೆಲ್ಲ?"

ಉದ್ದಪ್ಪನ ಮುಖ ಸುಣ್ಣ ಬಳಿದ ಗೋಡೆಯಾಯಿತು. "ಅಲ್ಲೇ ಮೇಡಂ. ಪಾರ್ಕ್ ಹತ್ರ."

ಹತ್ತು ಹೆಜ್ಜೆ ಮುಂದೆ ಸಿಕ್ಕ ಜೋಡಿಜಡೆ, "ಬಸ್ ಸ್ಟ್ಯಾಂಡ್ ಕಡೆ ಮೇಡಂ" ಎಂದಳು. ಅವಳ ಹಿಂದಿದ್ದ ಹುಡುಗ, ಅಡ್ಡಹೆಸರು ಕನ್ನಡಕ, ನೀರು ಕುಡಿಯುವ ನೆಪದಲ್ಲಿ ಓಡಿದ. ಮೇಡಂ ಒಳಗೊಳಗೇ ನಕ್ಕರು. ಸೋಮವಾರಕ್ಕೆ ಏನೋ ಗುಟ್ಟಾಗಿ ತಯಾರಿ ನಡೆಸುತ್ತಿದ್ದಾರೆ, ಕಳ್ಳರು.

ಐದು ಗಂಟೆಗೆ ಶಾಲೆಯ ಬಯಲಿನಲ್ಲಿ ಓಟದ ತಂಡದ ದಿನದ ಅಭ್ಯಾಸ ಶುರು ಮಾಡಿಸಿ, ತಂಡದ ನಾಯಕಿಯನ್ನು ಕರೆದು, "ಇವತ್ತು ಪೂರ್ತಿ ನೀನೇ ನೋಡ್ಕೋ, ನನಗೆ ಹೊರಗೆ ಕೆಲಸ ಇದೆ. ಆರಕ್ಕೆ ನೀರಿಗೆ ಬಿಡು" ಎಂದರು.

"ಸೀಟಿ ಕೊಟ್ಟು ಹೋಗಿ ಮೇಡಂ."

"ಅದೊಂದು ಕೇಳ್ಬೇಡ. ಚಪ್ಪಾಳೆ ತಟ್ಟು, ಬರ್ತಾರೆ."

ಪಾರ್ಕಿನಲ್ಲಿ ಇಬ್ಬರು ಮುದುಕರು ಬೆಂಚಿನ ಮೇಲೆ ಕೂತು ಪೇಪರು ಹಂಚಿಕೊಂಡು ಓದುತ್ತಿದ್ದರು, ಅಷ್ಟೇ. ಎರಡು ಸುತ್ತು ಹಾಕಿದರೂ ಒಂದು ಪರಿಚಿತ ಮುಖ ಕಾಣಲಿಲ್ಲ. ಬಸ್ ಸ್ಟ್ಯಾಂಡ್ ಕಡೆ ಹೋದರು, ಅಲ್ಲೂ ಇಲ್ಲ. ಆರು ಗಂಟೆಗೆ ಬೆವರೊರೆಸಿಕೊಳ್ಳುತ್ತ ಅಡ್ಡರಸ್ತೆಯಲ್ಲಿ ವಾಪಸ್ಸು ಬರುವಾಗ ಐಸ್‌ಕ್ರೀಮ್ ಅಂಗಡಿಯ ಗಾಜಿನೊಳಗೆ ಉದ್ದಪ್ಪ ಕಂಡ. ಪಕ್ಕದಲ್ಲಿ ಕನ್ನಡಕ, ಎದುರಿಗೆ ಜೋಡಿಜಡೆ ಮತ್ತು ಇನ್ನಿಬ್ಬರು. ಕಾಲು ಚಾಚಿ ಕೂತು ಬಟ್ಟಲು ಕೆರೆಯುತ್ತಿದ್ದರು. ಪಾಪ, ಆರು ಗಂಟೆಯ ಬಿಡುವು ಇದೇ ಇರಬೇಕು ಎಂದುಕೊಂಡು ಮೇಡಂ ಒಳಗೆ ಹೋದರು. ಫೋನು ಎತ್ತಿ ವಿಡಿಯೋ ಒತ್ತಿಯೂ ಆಗಿತ್ತು. ಆಗ ಪರದೆಯ ಮೇಲೆ ಅವರ ಕಣ್ಣಿಗೆ ಬಿದ್ದದ್ದು ಚಮಚ ಹಿಡಿದ ಐದು ಕೈಗಳು. ಐದೂ ಬರಿದು.

"ಬ್ಯಾಂಡ್ ಎಲ್ಲೋ?"

ಉದ್ದಪ್ಪ ಎದ್ದು ನಿಂತ. ನಿಂತು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತ.

"ಕೇಳಿದ್ದು ಕೇಳಿಸ್ತಾ? ಬ್ಯಾಂಡ್ ಎಲ್ಲಿ?"

"ಮೇಡಂ," ಎಂದಳು ಜೋಡಿಜಡೆ, ಅಳು ಆಗಲೇ ತುಟಿಗೆ ಬಂದಿತ್ತು, "ನಿಮಗೆ ಗೊತ್ತಿದೆ ಅಂತ ಕೆಲವ್ರು ಅಂತಿದ್ರು. ನಿಮ್ಮ ಮನೇಲೇ ಇವೆ."

"ನಮ್ಮ ಮನೇಲಿ?"

"ನಿಮ್ಮ ಬಿಲ್ಡಿಂಗ್ ಮೇಲೆ. ಟೆರೇಸಲ್ಲಿ."

ಮೇಡಂಗೆ ಆ ಮಾತು ಕೇಳಿಸಿತು, ಅರ್ಥವಾಗಲಿಲ್ಲ. ಅರ್ಥವಾಗಲು ಶುರುವಾದಾಗ ಅವರು ರಸ್ತೆಯಲ್ಲಿದ್ದರು, ಓಡುತ್ತಿದ್ದರು. ಇಪ್ಪತ್ತೆರಡು ವರ್ಷ ಬೇರೆಯವರನ್ನು ಓಡಿಸಿದ ಕಾಲುಗಳು, ಆದರೂ ಎರಡು ಬೀದಿ ದಾಟುವಷ್ಟರಲ್ಲಿ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು.

ಅವರ ಕಟ್ಟಡ ಶಾಲೆಯ ಬಯಲಿನ ಬೆನ್ನಿಗೇ ಇತ್ತು. ನಾಲ್ಕು ಮಹಡಿ, ಲಿಫ್ಟ್ ಇಲ್ಲ, ಅವರ ಮನೆ ಮೊದಲನೆಯ ಮಹಡಿಯಲ್ಲಿ. ಗೇಟಿನಲ್ಲಿ ವಾಚ್‌ಮನ್ ತಾತ ಕುರ್ಚಿಯಿಂದ ಏಳುತ್ತ, "ಇವತ್ತು ಬೇಗ ಬಂದ್ರಲ್ಲ ಮೇಡಂ" ಎಂದ.

"ನನ್ನ ಮಗಳು ಎಲ್ಲಿ?"

"ಮೇಲೇನೇ ಇದೆ ಮಗು. ದಿನಾ ಈ ಹೊತ್ತಿಗೆ ಅಲ್ಲೇ ಅಲ್ವಾ?" ತಾತ ಅವರ ಮುಖ ನೋಡಿ ದನಿ ತಗ್ಗಿಸಿದ. "ನೀವೇ ಹೇಳಿರ್ತೀರಿ ಅಂದ್ಕೊಂಡೆ ಮೇಡಂ. ಓಟದ ಟೀಚರ್ ಮಗಳು, ಅಮ್ಮ ತರಬೇತಿ ಕೊಡ್ತಿದ್ದಾರೆ ಅಂತ. ಈ ವಾರ ಕುಂಟ್ತಾ ಇತ್ತು. ಯಾಕಮ್ಮಾ, ಒಂದಿನ ಬಿಡು ಅಂದೆ. ಆಗಲ್ಲ ತಾತ, ಬೇರೆಯವರದ್ದಿದೆ ಅಂತು."

ಮೆಟ್ಟಿಲು ಹತ್ತುವಾಗ ಮೇಡಂ ತಮ್ಮ ಮನೆಯ ಬಾಗಿಲು ದಾಟಿದರು. ಕಿಟಕಿಯಿಂದ ಮಗಳ ಹಾಸಿಗೆ ಕಂಡಿತು. ಖಾಲಿ. ಎರಡನೇ ಪಾಳಿಯಲ್ಲಿ ದುಡಿಯುವ ಅವಳ ಅಪ್ಪ ಮನೆಗೆ ಬರುವುದು ಹತ್ತರ ಮೇಲೆ, ಅಮ್ಮ ಬರುವುದು ಏಳೂವರೆಗೆ. ಏಳೂವರೆಗೆ ಬಂದಾಗ ಮಗಳು ದಿನಾ ಆ ಹಾಸಿಗೆಯ ಮೇಲೆ ಬಿದ್ದುಕೊಂಡಿರುತ್ತಿದ್ದಳು. "ಶಾಲೆ ಬಿಟ್ಟಾಗಿಂದ ಬಿದ್ದಿದ್ದು ಸಾಲದಾ?" ಎಂದು ಮೇಡಂ ದಿನಾ ಕೇಳುತ್ತಿದ್ದರು. ಆ ಮಾತು ಈಗ ಒಂದೊಂದು ಮೆಟ್ಟಿಲಿಗೂ ಕಿವಿಯಲ್ಲಿ ಬಡಿಯಿತು.

ಟೆರೇಸಿನ ತಗಡಿನ ಬಾಗಿಲು ಅರ್ಧ ತೆರೆದಿತ್ತು. ಸಾಲಾಗಿ ನಾಲ್ಕು ನೀರಿನ ಟ್ಯಾಂಕು, ಒಗೆದ ಬಟ್ಟೆ ಒಣಗಿಸುವ ಹಗ್ಗ, ಟ್ಯಾಂಕುಗಳ ಸುತ್ತ ಸಿಮೆಂಟಿನ ಧೂಳಿನಲ್ಲಿ ಒಂದು ಅಡಿ ಅಗಲದ ಹಾದಿ ಸವೆದು ಬೆಳ್ಳಗಾಗಿತ್ತು. ಅದರ ಮೇಲೆ ಅವರ ಮಗಳು ನಡೆಯುತ್ತಿದ್ದಳು.

ಮಣಿಕಟ್ಟಿನಿಂದ ಮೊಣಕೈಯವರೆಗೆ ಎರಡೂ ಕೈ ಕಪ್ಪು. ಆರು ಬ್ಯಾಂಡು ಈ ಕೈಗೆ, ಆರು ಆ ಕೈಗೆ. ಎಡಗಾಲನ್ನು ಪೂರ್ತಿ ಊರದೆ ಪಕ್ಕಕ್ಕೆ ಎಳೆದು, ಬಲಗಾಲಿನ ಮೇಲೆ ಭಾರ ಹಾಕಿ, ತಲೆ ತಗ್ಗಿಸಿಕೊಂಡು ನಡೆಯುತ್ತಿದ್ದಳು. ತುಟಿ ಅಲುಗುತ್ತಿತ್ತು. ಹತ್ತಿರ ಬಂದಾಗ ಕೇಳಿಸಿತು: "ನೂರ ಮೂವತ್ತೆಂಟು, ನೂರ ಮೂವತ್ತೊಂಬತ್ತು, ನೂರ ನಲವತ್ತು. ಐವತ್ತೆಂಟಾಯ್ತು. ಒಂದು, ಎರಡು..." ಬಾಗಿಲಲ್ಲಿ ನಿಂತ ತಾಯಿಯನ್ನು ದಾಟಿ ಹೋದಳು. ನೋಡಲೇ ಇಲ್ಲ.

"ಮರಿ" ಎಂದರು ಮೇಡಂ. ಬಯಲಿನ ಆ ಮೂಲೆಯಲ್ಲಿರುವವನನ್ನು ಹೆಸರು ಹಿಡಿದು ಕೂಗಿ ನಿಲ್ಲಿಸುವ ದನಿ, ಹತ್ತು ಮಾರು ದೂರದ ಮಗಳನ್ನು ಮುಟ್ಟಲಿಲ್ಲ. ಮಗಳು ಟ್ಯಾಂಕಿನ ಹಿಂದೆ ಹೋಗಿ ಮತ್ತೆ ಈಚೆ ಬಂದಳು. "ಐವತ್ತೊಂದು, ಐವತ್ತೆರಡು." ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ಮೇಡಂ ಕೈ ಕೊರಳಿಗೆ ಹೋಯಿತು, ಸೀಟಿ ಬಾಯಿಗೆ ಬಂತು. ಒಂದು ಉದ್ದ ಸೀಟಿ ಊದಿದರು.

ಮಗಳು ನಿಂತಳು. ಬೆಚ್ಚಲಿಲ್ಲ, ತಿರುಗಿಯೂ ನೋಡಲಿಲ್ಲ. ನೇರವಾಗಿ ಗೋಡೆಯ ಪಕ್ಕಕ್ಕೆ ಹೋಗಿ, ಅಲ್ಲಿಟ್ಟಿದ್ದ ಬಾಟಲಿಯ ಮುಚ್ಚಳ ತೆಗೆದು ಗಟಗಟ ಕುಡಿಯತೊಡಗಿದಳು. ಅರ್ಧ ಬಾಟಲಿ ಕುಡಿದ ಮೇಲೆ ಗೋಡೆಯಾಚೆ ಬಯಲು ನೋಡಿದಳು. ಅಲ್ಲಿ ಓಟದ ತಂಡ ಓಡುತ್ತಲೇ ಇತ್ತು. ಅವಳ ಹುಬ್ಬು ಗಂಟಿಕ್ಕಿತು. ಆಮೇಲೆ ಹಿಂತಿರುಗಿದಳು.

"ಅಮ್ಮ," ಎಂದಳು. "ಇವತ್ತು ಯಾಕೆ ಇಷ್ಟು ತಡವಾಗಿ ಊದಿದೆ? ಅಲ್ಲೀವರೆಗೂ ನೀರೇ ಕುಡೀಲಿಲ್ಲ ನಾನು."

ಹಾಳೆಯಲ್ಲಿ ಹನ್ನೆರಡು ಗೆರೆಗಳು ಒಟ್ಟಿಗೆ ಬೀಳುತ್ತಿದ್ದ ಆ ಆರು ಗಂಟೆ ಯಾರದ್ದೆಂದು ಮೇಡಂಗೆ ಆಗ ತಿಳಿಯಿತು. ತಮ್ಮದೇ ಸೀಟಿ. ದಿನಾ ಸಂಜೆ ಕೆಳಗೆ ಇಪ್ಪತ್ತು ಮಕ್ಕಳಿಗೆ ನೀರಿಗೆ ಬಿಡುವಾಗ, ಮೇಲೆ ಇಪ್ಪತ್ತೊಂದನೆಯವಳಿಗೂ ಬಿಡುತ್ತಿದ್ದರು. ಮಧ್ಯಾಹ್ನ ಆ ಗೆರೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು, ಬೆರಳಿಟ್ಟು ತೋರಿಸಿದ್ದರು, ಗುರುತು ಸಿಕ್ಕಿರಲಿಲ್ಲ. ಅವರು ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಹಾಗೇ ಕುಸಿದು ಕೂತರು.

"ಕಾಲು ಕೊಡು."

"ಏನಾಗಿಲ್ಲ."

"ಕೊಡು ಇಲ್ಲಿ."

ಷೂ ಬಿಚ್ಚಿದರು. ಕಾಲುಚೀಲ ಹಿಮ್ಮಡಿಗೆ ಅಂಟಿಕೊಂಡಿತ್ತು. ಬಾಟಲಿಯಲ್ಲಿ ಉಳಿದ ನೀರು ಹಾಕಿ ನೆನೆಸಿ ಎಳೆಯಬೇಕಾಯಿತು. ಬೊಬ್ಬೆ ಒಡೆದು, ಅದರ ಮೇಲೆ ಇನ್ನೊಂದು ಬೊಬ್ಬೆ ಎದ್ದು, ಅದೂ ಒಡೆದಿತ್ತು. ಅದಕ್ಕೆ ಅವರು ಹೆದರಲಿಲ್ಲ, ಬೊಬ್ಬೆ ಅವರಿಗೆ ಹೊಸದಲ್ಲ. ಮೊಣಕಾಲಿನ ಕೆಳಗೆ ಮುಂಗಾಲ ಮೂಳೆಯ ಮೇಲೆ ಒಂದು ಕಡೆ ಊದಿಕೊಂಡಿತ್ತು. ಅಲ್ಲಿ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರು. ಮಗಳು ಹಲ್ಲು ಕಚ್ಚಿ ಅವರ ಭುಜ ಹಿಡಿದುಕೊಂಡಳು. ಆ ಜಾಗ ಅವರಿಗೆ ಗೊತ್ತು. ಅಲ್ಲಿ ಹೀಗೆ ನೋವು ಎಂದರೆ ಮೂಳೆ ಒಳಗೇ ಬಿರುಕು ಬಿಡುತ್ತಿದೆ ಎಂದು, ಆ ಕ್ಷಣ ನಿಲ್ಲಿಸಬೇಕು, ಒಂದು ಹೆಜ್ಜೆ ಇಡಿಸಬಾರದು ಎಂದು ಪ್ರತಿ ವರ್ಷ ಓಟದ ತಂಡಕ್ಕೆ ಅವರೇ ಪಾಠ ಹೇಳುತ್ತಿದ್ದರು.

"ಎಷ್ಟು ದಿನದಿಂದ ಈ ನೋವು?"

"ಮೂರು ವಾರ ಆಯ್ತೇನೋ. ನಡೀತಾ ನಡೀತಾ ಮರೆತುಹೋಗುತ್ತೆ."

"ಯಾರು ಹೇಳಿದ್ರು ನಿನಗೆ ಇದನ್ನ ಮಾಡು ಅಂತ? ಉದ್ದಪ್ಪನಾ?"

"ಯಾರೂ ಹೇಳಿಲ್ಲ." ಮಗಳು ಬ್ಯಾಂಡುಗಳನ್ನು ಒಂದೊಂದಾಗಿ ಬಿಚ್ಚಿ ಅಮ್ಮನ ಮಡಿಲಲ್ಲಿಡತೊಡಗಿದಳು. ಪ್ರತಿಯೊಂದರ ಕೆಳಗೂ ಚರ್ಮ ಬೆಳ್ಳಗೆ ಸುಕ್ಕಾಗಿತ್ತು. "ಮೊದಲು ಜೋಡಿಜಡೆಗೆ ಜ್ವರ ಬಂತು. ಮಲಗಿದ್ರೆ ಪಟ್ಟೀಲಿ ಕೆಳಗೆ ಬೀಳ್ತೀನಿ, ಆಮೆ ಆಗ್ತೀನಿ ಅಂತ ಅಳ್ತಿದ್ಲು. ಅವರಪ್ಪ ಪುಟ ನೋಡ್ತಾರಂತೆ. ನಾನೇ ಕೊಡು ಅಂದೆ. ಆಮೇಲೆ ಅವಳು ಕನ್ನಡಕಂಗೆ ಹೇಳಿದ್ಲು. ಆಮೇಲೆ ಎಲ್ರೂ ತಂದ್ರು."

"ಎಲ್ರೂ ತಂದ್ರೆ ನೀನು ತಗೊಂಡ್ಯಾ?"

"ಅದಕ್ಕೆ ಮುಂಚೆ ನನ್ನ ಜೊತೆ ಯಾರೂ ಕೂರ್ತಿರ್ಲಿಲ್ಲ ಅಮ್ಮ. ಬೆಂಚಿನ ಮೇಲೆ ಆಮೆ ಚಿತ್ರ ಬರೆದಿಡ್ತಿದ್ರು, ಊಟದ ಡಬ್ಬಿ ಮೇಲೂ. ಈಗ ಬರೆಯಲ್ಲ. ಬೆಳಗ್ಗೆ ಗೇಟಲ್ಲಿ ಕಾಯ್ತಾರೆ ನನಗೋಸ್ಕರ."

ಬ್ಯಾಂಡಿಗೋಸ್ಕರ ಎನ್ನುವ ಮಾತು ಮೇಡಂ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದರು. ಮಡಿಲಲ್ಲಿ ಬಿಳಿ ಪ್ಲಾಸ್ಟರಿನ ಹೆಸರುಗಳು ಒಂದರ ಮೇಲೊಂದು ಬೀಳುತ್ತಿದ್ದವು: ಉದ್ದಪ್ಪ, ಚೂಟಿ, ಗುಂಡಣ್ಣ, ಕನ್ನಡಕ. ಹನ್ನೆರಡೂ ಬಂದವು. ಹದಿಮೂರನೆಯದು ಇರಲಿಲ್ಲ.

"ನಿಂದು ಎಲ್ಲಿ?"

"ಮನೇಲಿ. ದಿಂಬಿನ ಕೆಳಗೆ."

"ಯಾಕೆ? ಇಷ್ಟು ನಡೆಯೋಳು ಅದನ್ನೂ ಒಂದು ಹಾಕ್ಕೊಂಡಿದ್ರೆ ನೀನೇ ಮೊದಲು ಬರ್ತಿದ್ದೆ. ಆ ಆಮೆ ನಿನಗೆ ಬರ್ತಾನೇ ಇರ್ಲಿಲ್ಲ."

ಮಗಳು ಅಮ್ಮನನ್ನು ನೋಡಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಇಷ್ಟು ಸುಲಭದ ಲೆಕ್ಕ ಟೀಚರಿಗೇ ಬರಲಿಲ್ಲವಲ್ಲ ಎನ್ನುವ ಬೆರಗಿತ್ತು.

"ಆಗ ಬೇರೆ ಯಾರಾದ್ರೂ ಕೊನೆಗೆ ಬರ್ತಿದ್ರು. ಯಾರೋ ಒಬ್ರು ಅಲ್ಲಿ ಇರ್ಲೇಬೇಕು ಅಂತ ನೀನೇ ಹೇಳಿದ್ದು. ಬೇರೆಯವರಿಗೆ ಬಂದ್ರೆ ಅವರು ಅಳ್ತಾರೆ. ನನಗೆ ಅಭ್ಯಾಸ ಆಗಿದೆ."

ಅಡುಗೆಮನೆಯಲ್ಲಿ ಮೇಡಂ ಚಾಕು ಕೆಳಗಿಡದೆ ಆಡಿದ ಮಾತು. ಆಡಿದ್ದೂ ನೆನಪಿರಲಿಲ್ಲ. ಅದನ್ನು ಈ ಮಗು ಎಂಟು ವಾರ ಹೊತ್ತುಕೊಂಡು ಈ ಟ್ಯಾಂಕುಗಳ ಸುತ್ತ ತಿರುಗಿತ್ತು.

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ ಮರಿ?"

"ನೀನು ಖುಷಿಯಾಗಿದ್ದೆ. ರಾತ್ರಿ ಅಪ್ಪ ಬಂದು ಊಟಕ್ಕೆ ಕೂತಾಗೆಲ್ಲ ಹೇಳ್ತಿದ್ದೆ, ಇವತ್ತು ಇಷ್ಟಾಯ್ತು, ಇವತ್ತು ಇಷ್ಟಾಯ್ತು ಅಂತ." ಮಗಳು ಕಾಲುಚೀಲವನ್ನು ಹಿಂಡಿ ಕೊಡವಿದಳು. "ಅಮ್ಮ, ಇನ್ನು ನಲವತ್ತೆರಡು ಸುತ್ತು ಬಾಕಿ ಇದೆ. ನೂರು ಸುತ್ತು ಅಂತ ಮಾತು. ನಿಧಾನಕ್ಕೆ ಹೋದ್ರೆ ಆಗುತ್ತೆ. ಮುಗಿಸ್ಲಾ?"

ಮೇಡಂ ಅತ್ತದ್ದು ಆಗ. ಮಕ್ಕಳ ಮುಂದೆ ಕಣ್ಣಲ್ಲಿ ನೀರು ತಂದುಕೊಂಡವರಲ್ಲ, ಮಗಳ ಮುಂದೆಯಂತೂ ಅಲ್ಲವೇ ಅಲ್ಲ. ಅಳುತ್ತಲೇ ಹನ್ನೆರಡೂ ಬ್ಯಾಂಡುಗಳನ್ನು ಗುಡಿಸಿ ಟ್ರ್ಯಾಕ್ ಪ್ಯಾಂಟಿನ ಜೇಬಿಗೆ ತುಂಬಿದರು. ತಿರುಗಿ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತರು.

"ಹತ್ತು."

"ನಾನು ಭಾರ ಇದ್ದೀನಿ."

"ಹತ್ತು ಅಂದೆ. ಈ ಕಾಲು ಇನ್ನು ನೆಲಕ್ಕೆ ತಾಗಿದ್ರೆ ನೋಡು. ಮನೆಗೆ ಹೋಗಿ ಬಟ್ಟೆ ಬದಲಾಯಿಸ್ಕೊಂಡು ನೇರ ಡಾಕ್ಟರ ಹತ್ರ. ಸೋಮವಾರ ಆ ಅಧಿಕಾರಿ ಬರ್ಲಿ. ಈ ಹನ್ನೆರಡನ್ನೂ ಮೇಜಿನ ಮೇಲಿಟ್ಟು, ಇವು ಯಾರ ಹೆಜ್ಜೆ, ಇದನ್ನ ಮಾಡಿಸಿದ್ದು ಯಾರು, ಎಲ್ಲ ನಾನೇ ಬಾಯಿಬಿಟ್ಟು ಹೇಳ್ತೀನಿ."

"ಅವರಿಗೆ ಬೈಬೇಡ."

"ಅವರಿಗಲ್ಲ."

ಮಗಳು ಬೆನ್ನೇರಿದಳು. ಮೊದಲ ತರಗತಿಯಲ್ಲಿ ಹೀಗೆ ಹೊತ್ತದ್ದು, ಆಮೇಲೆ ಇಲ್ಲ. ಹಾಸಿಗೆ ಬಿಟ್ಟು ಏಳದ ಹುಡುಗಿ ಎಂದು ಅವರು ಎಣಿಸಿದ್ದ ಮೈ ಎಲುಬಾಗಿತ್ತು. ತೊಡೆ ಕಲ್ಲಿನಂತೆ ಗಟ್ಟಿಯಾಗಿತ್ತು. ಇಷ್ಟು ದಿನ ಒಂದೇ ಮನೆಯಲ್ಲಿದ್ದು ಇದೂ ತಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಕೈ ಗೋಡೆಗೆ, ಒಂದು ಕೈ ಮಗಳ ತೊಡೆಯ ಕೆಳಗೆ. ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.

ಮೂರನೇ ಮಹಡಿಯ ತಿರುವಿಗೆ ಬಂದಾಗ ಅವರ ಎದೆಯ ಜೇಬಿನಲ್ಲಿ ಫೋನು ಟಿಣ್ ಎಂದಿತು. ಮತ್ತೊಮ್ಮೆ, ಮಗದೊಮ್ಮೆ. ಆರೂವರೆ. ಮಧ್ಯಾಹ್ನ ತಾವೇ ಇಟ್ಟ ಪಟ್ಟಿ ತಾನಾಗೇ ಹೋಗಿತ್ತು. ಕೈ ಬಿಡುವಂತಿರಲಿಲ್ಲ, ಬಿಟ್ಟರೆ ಮಗಳು ಬೀಳುತ್ತಾಳೆ. ಅವರ ಭುಜದ ಮೇಲಿಂದ ಮಗಳ ಕೈ ಇಳಿದು ಜೇಬಿನಿಂದ ಫೋನು ತೆಗೆಯಿತು.

"ನೋಡ್ಬೇಡ ಮರಿ."

"ಈ ಸಲ ಏನು ಬರೆದಿದ್ದೀಯ ನೋಡೋಣ" ಎಂದಳು ಮಗಳು. ಅಮ್ಮನ ಕಿವಿಯ ಪಕ್ಕದಲ್ಲೇ ಅವಳ ಬಾಯಿ. ಓದಿದಳು: "ಈ ವಾರವೂ ಆಮೆ ಪದಕ ನಮ್ಮ ಮನೆಗೇ. ಹುಡುಗಿ ಹಾಸಿಗೆಯಲ್ಲಿ ಬೇರು ಬಿಟ್ಟಿದ್ದಾಳೆ. ಯಾರಾದರೂ ಬಂದು ಸ್ವಲ್ಪ ನೀರು ಹಾಕಿ ಹೋಗಿ."

ಮೇಡಂ ಇನ್ನೆರಡು ಮೆಟ್ಟಿಲು ಇಳಿದರು.

"ಚೆನ್ನಾಗಿದೆ ಅಮ್ಮ" ಎಂದಳು ಮಗಳು. "ಹೋದ ವಾರದ್ದಕ್ಕಿಂತ ಇದು ಚೆನ್ನಾಗಿದೆ."

"ಅಳಿಸು. ಈಗಲೇ ಅಳಿಸು ಅದನ್ನ."

"ಅಳಿಸ್ತೀನಿ. ಆದ್ರೆ ಆಗ್ಲೇ ಹದಿನೇಳು ಜನ ನಕ್ಕಿದ್ದಾರೆ." ಅವಳ ಬೆರಳು ಗಾಜಿನ ಮೇಲೆ ಸರಿದದ್ದು ಮೇಡಂ ಕಿವಿಗೆ ಕೇಳಿಸಿತು. "ಹೆಡ್ ಮೇಷ್ಟ್ರೂ ನಕ್ಕಿದ್ದಾರೆ."

ಮೇಡಂ ಕಾಲು ಮೆಟ್ಟಿಲ ಮೇಲೆ ನಿಂತುಬಿಟ್ಟಿತು. ಬೆನ್ನ ಮೇಲಿನ ಮಗಳು ಫೋನನ್ನು ಮೆಲ್ಲಗೆ ವಾಪಸ್ಸು ಜೇಬಿಗೆ ಇಳಿಸಿ, ಎರಡೂ ಕೈ ಅವರ ಕೊರಳ ಸುತ್ತ ಹಾಕಿದಳು. ಸೀಟಿ ಇಬ್ಬರ ನಡುವೆ ಒತ್ತಿತು.

"ನಿಲ್ಬೇಡ ಅಮ್ಮ. ನಿಂತ್ರೆ ಮತ್ತೆ ಶುರು ಮಾಡೋದು ಕಷ್ಟ. ನನಗೆ ಗೊತ್ತು. ಎಣಿಸ್ತಾ ಬಾ, ಆಗುತ್ತೆ."

ಮೇಡಂ ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಜೇಬಿನಲ್ಲಿದ್ದ ಹನ್ನೆರಡು ಬ್ಯಾಂಡುಗಳು ಅದನ್ನೂ ಎಣಿಸಿಕೊಂಡವು.